ಕೆಂಪು ‘ಎಲ್’ ಅಕ್ಷರ ಇಳಿದ ಮರುದಿನ

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಹಾದಿಯಲ್ಲಾಗಲಿ, ನರಗುಂದದ ಗುಡ್ಡವನ್ನು ಬದಿಗಿಟ್ಟುಕೊಂಡು ಸಾಗುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಾಗಲಿ, ಬಿಳಿಯ ನೆಲದ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರವನ್ನು ಹಿಂದುಮುಂದೆ ಅಂಟಿಸಿಕೊಂಡು ಅಳುಕುತ್ತ ಬರುವ ಕಾರೊಂದು ಕಣ್ಣಿಗೆ ಬಿದ್ದರೆ, ಎಂಥ ಅವಸರದ ಲಾರಿಯವನಾದರೂ ಹಾರನ್ನಿನ ಮೇಲಿನ ಕೈಯನ್ನು ತುಸು ಸಡಿಲಿಸಿ, ಕೊಂಚ ಅಂತರವಿಟ್ಟುಕೊಂಡು, ಬದಿಗೆ ಸರಿದು ಮುಂದೆ ಹೋಗುವುದುಂಟು. ಈ ಸೌಜನ್ಯವೆಲ್ಲ ಆ ಅಕ್ಷರಕ್ಕೆ ಸಲ್ಲತಕ್ಕದ್ದು. ಅದನ್ನು ಹೊತ್ತ ಚಾಲಕನಿಗೆ ಸಲ್ಲುವಂಥದಲ್ಲ. ಗದಗಿನ ಪ್ರಾದೇಶಿಕ ಸಾರಿಗೆ ಕಚೇರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಲೈಸೆನ್ಸಿನ ಕಾರ್ಡು ಅಂಚೆಯ ಮೂಲಕ ಮನೆಗೆ ಬಂದು ಮುಟ್ಟಿ, ಆ ಅಕ್ಷರ ಗಾಜಿನಿಂದ ಇಳಿದ ಮರುದಿನ, ಸ್ಟಿಯರಿಂಗ್ ಹಿಡಿದಿರುವುದು ಅದೇ ಕೈ, ರಸ್ತೆಯನ್ನು ನೋಡುತ್ತಿರುವುದು ಇನ್ನೂ ಪಳಗದ ಅದೇ ಕಣ್ಣು. ಆದರೆ ಅವನು ಹೊಸಬನೆಂದು ತಿಳಿಯುವ ಉಪಾಯ ಮಾತ್ರ ಲೋಕಕ್ಕೆ ಇಲ್ಲದೆ ಹೋಗುತ್ತದೆ.

ಹೊಸದಾಗಿ ಲೈಸೆನ್ಸು ಪಡೆದವನನ್ನು ಒಂದೆರಡು ವರ್ಷಗಳ ಮಟ್ಟಿಗೆ ಪರೀಕ್ಷಾರ್ಥ ಚಾಲಕನೆಂದು ಪರಿಗಣಿಸಿ, ಅವನ ವೇಗಕ್ಕೂ ಅವನು ಕೂರಿಸಿಕೊಳ್ಳುವ ಜನಕ್ಕೂ ಅವನ ರಾತ್ರಿಯ ಪ್ರಯಾಣಕ್ಕೂ ಪ್ರತ್ಯೇಕ ನಿರ್ಬಂಧಗಳನ್ನು ಹೇರುವ ಪದ್ಧತಿ ಅನೇಕ ದೇಶಗಳಲ್ಲಿ ರೂಢಿಗೆ ಬಂದು ದಶಕಗಳೇ ಸಂದಿವೆ. ನಮ್ಮಲ್ಲಿ ಅಂಥ ನಡುವಣ ಮೆಟ್ಟಿಲು ಇಲ್ಲ. 1914ರ ಮೋಟಾರು ವಾಹನ ಕಾಯಿದೆಯಾಗಲಿ, ಅದರ ಜಾಗಕ್ಕೆ ಬಂದ 1939ರ ಕಾಯಿದೆಯಾಗಲಿ, ಈಗ ಜಾರಿಯಲ್ಲಿರುವ 1988ರ ಕಾಯಿದೆಯಾಗಲಿ ಅದನ್ನು ಕಟ್ಟಲಿಲ್ಲ. 2019ರ ತಿದ್ದುಪಡಿಯಂತೂ, ಮೂವತ್ತು ವಯಸ್ಸಿನೊಳಗೆ ಖಾಸಗಿ ವಾಹನದ ಲೈಸೆನ್ಸು ಪಡೆದವನಿಗೆ ಅದು ನಲವತ್ತು ತುಂಬುವವರೆಗೆ ನಡೆಯತಕ್ಕದ್ದೆಂದು ಗೊತ್ತುಮಾಡಿರುವುದರಿಂದ, ಇಂದು ಹದಿನೆಂಟು ತುಂಬಿ ಪರೀಕ್ಷೆ ಗೆದ್ದ ರೋಣದ ಹುಡುಗನೊಬ್ಬ, ಬೇರೆ ಬಗೆಯ ವಾಹನಕ್ಕೆ ಅರ್ಜಿ ಹಾಕದೆ, ತಪ್ಪು ಮಾಡಿ ಸಿಕ್ಕಿಬೀಳದೆ ಇದ್ದ ಪಕ್ಷದಲ್ಲಿ, ಇಪ್ಪತ್ತೆರಡು ವರ್ಷ ಯಾವ ಅಧಿಕಾರಿಯ ಎದುರಿಗೂ ನಿಲ್ಲಬೇಕಾಗಿಲ್ಲ. ಕಲಿಯುವಾಗ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕಾನೂನು ಕಲಿತವನೆಂದು ಮುದ್ರೆಯೊತ್ತಿದ ಕ್ಷಣದಲ್ಲಿಯೇ ಬೆನ್ನು ತಿರುಗಿಸುತ್ತದೆಯೆಂಬುದೇ ನನ್ನ ಆಕ್ಷೇಪ. ಆ ಬರಿದಾದ ಸ್ಥಳವನ್ನು ನಮ್ಮ ಮನೆಗಳೇ ತುಂಬಬೇಕಾಗಿದೆ ಎಂಬುದು ನನ್ನ ನಂಬಿಕೆ.

ಕಲಿಕೆಯ ಅವಧಿಗೆ ಕಾನೂನು ಹಾಕಿರುವ ಕಟ್ಟುಪಾಡು ಸಾಮಾನ್ಯವಾದುದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಮೂರನೆಯ ನಿಯಮವನ್ನು ಓದಿದರೆ, ಅದನ್ನು ಬರೆದವರು ಹೊಸಬನ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ತೋರುತ್ತದೆ. ಕಲಿಯುವವನು ಕಲಿಕಾ ಲೈಸೆನ್ಸನ್ನು ಹೊಂದಿರತಕ್ಕದ್ದು. ಆ ವಾಹನವನ್ನು ಓಡಿಸುವ ಲೈಸೆನ್ಸು ಪಡೆದ ಒಬ್ಬ ಶಿಕ್ಷಕ ಅವನೊಡನೆ ಇರತಕ್ಕದ್ದು. ಆ ಶಿಕ್ಷಕ ವಾಹನವನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಸಾಧ್ಯವಾಗುವಂಥ ಸ್ಥಾನದಲ್ಲಿಯೇ ಕುಳಿತಿರತಕ್ಕದ್ದು. ಹಿಂದಿನ ಸೀಟಿನಲ್ಲಿ ಒರಗಿ ತೂಕಡಿಸುವ ಅಣ್ಣನೋ ಮಾವನೋ ಈ ನಿಯಮಕ್ಕೆ ಶಿಕ್ಷಕನಾಗಲಾರ. ಮುಂದೆಯೂ ಹಿಂದೆಯೂ ಇರಬೇಕಾದ ‘ಎಲ್’ ಅಕ್ಷರ ಕನಿಷ್ಠ 10 ಸೆಂಟಿಮೀಟರು ಎತ್ತರ, 2 ಸೆಂಟಿಮೀಟರು ದಪ್ಪ, ಬುಡದಲ್ಲಿ 9 ಸೆಂಟಿಮೀಟರು ಅಗಲ ಇರಬೇಕೆಂಬುದನ್ನು ಸಹ ಬಿಡದೆ ಬರೆದಿದ್ದಾರೆ. ಮೋಟಾರ್‌ಸೈಕಲ್ಲನ್ನು ಕಲಿಯುವವನು ಕಲಿಸುವವನ ಹೊರತು ಬೇರಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕಲಿಕಾ ಲೈಸೆನ್ಸು ಆರು ತಿಂಗಳು ನಡೆಯುತ್ತದೆ; ಅದನ್ನು ಪಡೆದು ಮೂವತ್ತು ದಿನವಾದರೂ ಕಳೆಯದೆ ಚಾಲನಾ ಪರೀಕ್ಷೆಗೆ ನಿಲ್ಲುವ ಹಾಗಿಲ್ಲ. ಈ ಮೂವತ್ತು ದಿನಗಳನ್ನು ನಮ್ಮ ಊರುಗಳಲ್ಲಿ ಬಹಳ ಮಂದಿ ಕಾಯುವ ದಿನಗಳೆಂದು ತಿಳಿದಿದ್ದಾರೆ. ಅವು ವಾಸ್ತವವಾಗಿ ಕಲಿಯುವ ದಿನಗಳು.

ನಿಯಮ ಹೀಗಿದ್ದರೂ ಆಚರಣೆ ಬೇರೆಯಾಗಿದೆ. ಸಂತೆಯ ದಿನ ಗಜೇಂದ್ರಗಡದ ಬೀದಿಗಳಲ್ಲಿ ನಿಂತು ನೋಡಿದರೆ, ಕಲಿಕಾ ಲೈಸೆನ್ಸಿನ ಕಾಗದವನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು, ಹಿಂದೆ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು, ತಲೆಗೆ ಹೆಲ್ಮೆಟ್ಟೂ ಗಾಡಿಗೆ ಕೆಂಪು ಅಕ್ಷರವೂ ಇಲ್ಲದೆ ಸಾಗುವ ತರುಣರು ಕಾಣಸಿಗುತ್ತಾರೆ. ತಡೆದು ಕೇಳಿದರೆ “ಎಲ್.ಎಲ್. ಐತ್ರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಕಾಗದ ಶಿಕ್ಷಕನೊಡನೆ ಕಲಿಯಲು ಕೊಟ್ಟ ಅಪ್ಪಣೆ. ಒಬ್ಬನೇ ತಿರುಗಾಡಲು ಕೊಟ್ಟದ್ದಲ್ಲ. ಇದನ್ನು ಹೇಳಿ ತಿಳಿಸುವವರು ಮನೆಯಲ್ಲಿ ಇಲ್ಲದಿರುವುದರಿಂದಲೇ ಅದು ಅರೆ ಲೈಸೆನ್ಸು ಎಂಬ ಭಾವನೆ ಬಲಿತುಬಿಟ್ಟಿದೆ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾದ ಮೇಲೆ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನವರಿಗೆ ಕೆಎ 26 ಎಂಬ ಸಂಖ್ಯೆಯ ಗದಗಿನ ಕಚೇರಿಯೇ ಗತಿ. ಕಲಿಕಾ ಲೈಸೆನ್ಸಿನ ಅರ್ಜಿಯನ್ನು ಈಗ ‘ಸಾರಥಿ’ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ಸಲ್ಲಿಸಬಹುದಾದರೂ, ಚಾಲನೆಯ ಪರೀಕ್ಷೆಗೆ ಮಾತ್ರ ಮುಂಜಾನೆಯ ಬಸ್ಸು ಹಿಡಿದೋ ಡ್ರೈವಿಂಗ್ ಸ್ಕೂಲಿನವರ ಗಾಡಿಯಲ್ಲಿಯೋ ಅಲ್ಲಿಗೆ ಹೋಗಿಯೇ ತೀರಬೇಕು. ದ್ವಿಚಕ್ರದವನು ಎಂಟರ ಆಕಾರದಲ್ಲಿ ಗಾಡಿಯನ್ನು ತಿರುಗಿಸಬೇಕು. ಮೋಟಾರು ವಾಹನ ನಿರೀಕ್ಷಕರು ನೋಡುತ್ತಿರುವಂತೆ ಹುಡುಗ ಕ್ಲಚ್ಚನ್ನು ಅರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು, ಎರಡು ಸೊನ್ನೆಗಳು ಕೂಡುವ ಇಕ್ಕಟ್ಟಿನ ಜಾಗದಲ್ಲಿ ಕಾಲನ್ನು ನೆಲಕ್ಕೆ ತಾಗಿಸದೆ ದಾಟಿಬಿಟ್ಟನೆಂದರೆ ಅವನ ಭಯದ ಬಹುಪಾಲು ಅಲ್ಲಿಗೆ ಕಳೆಯಿತು. ಕಾರಿನವನು ಮುಂದೆ ಓಡಿಸಿ, ಹಿಂದಕ್ಕೆ ತೆಗೆದು, ತಿರುಗಿಸಿ, ನಿಲ್ಲಿಸಿ ತೋರಿಸಬೇಕು. ಸೋತವನು ಏಳು ದಿನಗಳ ಮೇಲೆ ಮತ್ತೆ ಬರಬಹುದು. ಮೂರು ಸಲ ಸೋತವನು ಅರವತ್ತು ದಿನ ಕಾಯಬೇಕು. ಈ ಅರವತ್ತು ದಿನಗಳ ವಿಧಿಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಸೋತವನಿಗೆ ಕಾಲಾವಕಾಶ ಬೇಕೆಂಬ ವಿವೇಕ ಅದರಲ್ಲಿದೆ. ಗೆದ್ದವನಿಗೂ ಅಷ್ಟೇ ಕಾಲಾವಕಾಶ ಬೇಕೆಂಬುದು ಮಾತ್ರ ಶಾಸನಕರ್ತರಿಗೆ ತೋಚಲಿಲ್ಲ.

ಆ ಅಂಗಳದಲ್ಲಿ ಪರೀಕ್ಷೆಗೆ ಒಳಪಡದ ವಸ್ತುಗಳೇ ನಮ್ಮ ರಸ್ತೆಗಳ ತುಂಬ ಇವೆ. ಈ ಸೀಮೆಯ ಬಹುಭಾಗ ಎರೆಯ ಭೂಮಿ. ಮಳೆಗಾಲದಲ್ಲಿ ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡ ಕರಿಯ ಮಣ್ಣು ಡಾಂಬರಿನ ಮೇಲೆ ಉದುರಿ, ಒಂದು ಹನಿ ಮಳೆ ಬಿದ್ದರೂ ಸಾಕು, ಎಣ್ಣೆ ಸುರಿದ ಹಾಗೆ ಜಾರುತ್ತದೆ. ಬ್ರೇಕನ್ನು ಒಮ್ಮೆಲೇ ಒತ್ತಿದ ಬೈಕಿನವನು ತಾನು ಏಕೆ ಬಿದ್ದೆನೆಂದು ತಿಳಿಯುವ ಮೊದಲೇ ಬಿದ್ದಿರುತ್ತಾನೆ. ಸುಗ್ಗಿಯ ಕಾಲದಲ್ಲಿ ಇನ್ನೊಂದು ಬಗೆಯ ಗಂಡಾಂತರ. ಕಣ ಮಾಡುವ ಪದ್ಧತಿ ಹಿಂದೆ ಸರಿದ ಮೇಲೆ, ಹೆಸರು, ತೊಗರಿ, ಸಜ್ಜೆ, ಜೋಳದ ತೆನೆಗಳನ್ನು ರಸ್ತೆಯ ಮೇಲೆಯೇ ಹರವಿ, ಹಾದುಹೋಗುವ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿ ಬೆಳೆದಿದೆ. ಹರವಿದ ಬೆಳೆಯ ಅಂಚಿಗೆ ಗಾಡಿಗಳು ಸರಿಯದಿರಲೆಂದು ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಬೆಳೆಯನ್ನು ಬಳಿದುಕೊಂಡು ಹೋದ ಮೇಲೆ ಕಲ್ಲುಗಳು ಅಲ್ಲಿಯೇ ಉಳಿಯುವುದೂ ಉಂಟು. ಸಂಜೆಯ ಮಬ್ಬಿನಲ್ಲಿ, ಎದುರಿನ ಲಾರಿಯ ದೀಪ ಕಣ್ಣಿಗೆ ರಾಚುತ್ತಿರುವಾಗ, ಹೊಟ್ಟಿನ ಬಣ್ಣವೂ ರಸ್ತೆಯ ಧೂಳಿನ ಬಣ್ಣವೂ ಒಂದೇ ಆಗಿ ಕಾಣುವ ಆ ಹೊತ್ತಿನಲ್ಲಿ, ಆ ಕಲ್ಲನ್ನು ಮುಂದಾಗಿಯೇ ಊಹಿಸಿ ವೇಗವನ್ನು ತಗ್ಗಿಸುವ ಬುದ್ಧಿ ಅನುಭವದಿಂದಲೇ ಬರತಕ್ಕದ್ದು. ರೈತನ ಕಷ್ಟ ನನಗೆ ತಿಳಿಯದೆ ಇಲ್ಲ. ಆಳು ಸಿಗುವುದಿಲ್ಲ, ಕಣಕ್ಕೆ ಜಾಗವಿಲ್ಲ, ಮೋಡ ಕವಿದಿದೆ. ಆದರೂ ಆ ಕಲ್ಲಿನ ಬೆಲೆಯನ್ನು ತೆರುವವನು ಬಹುಶಃ ಅವನ ಮಗನೇ ಆಗಿರಬಹುದಲ್ಲವೆ?

ಇವುಗಳೊಡನೆ ಹಿಂಬದಿಯಲ್ಲಿ ಕೆಂಪು ಪ್ರತಿಫಲಕವೂ ಇಲ್ಲದ ಟ್ರೇಲರುಗಳು, ರಸ್ತೆಯ ಇಡೀ ಅಗಲವನ್ನು ತುಂಬಿಕೊಂಡು ಸಾಗುವ ಕುರಿಯ ಹಿಂಡುಗಳು, ಉಳ್ಳಾಗಡ್ಡಿಯ ಚೀಲಗಳನ್ನು ಗೋಪುರದಂತೆ ಒಟ್ಟಿಕೊಂಡು ವಾಲುತ್ತ ಹೋಗುವ ಗಾಡಿಗಳು ಸೇರುತ್ತವೆ. ಗಜೇಂದ್ರಗಡದ ಸುತ್ತಣ ಗುಡ್ಡಗಳ ಏರಿಳಿವಿನಲ್ಲಿ ಗೇರು ಬದಲಿಸುವ ಹದವೇ ಬೇರೆ. ಇಳಿಜಾರಿನಲ್ಲಿ ಗೇರನ್ನು ತಪ್ಪಿಸಿ ತೈಲ ಉಳಿಸುವ ಚಟಕ್ಕೆ ಬಿದ್ದ ಹೊಸಬನಿಗೆ, ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಬ್ರೇಕು ಒಂದರಿಂದಲೇ ಗಾಡಿ ನಿಲ್ಲುವುದಿಲ್ಲವೆಂಬುದು ಆಗಲೇ ಗೊತ್ತಾಗತಕ್ಕದ್ದು. ನರಗುಂದದ ಕಡೆಗೆ ಬಂದರೆ ಮಲಪ್ರಭೆಯ ದಂಡೆಯ ಕೊಣ್ಣೂರಿನವರೆಗೂ ಭಾರೀ ವಾಹನಗಳ ಓಡಾಟ. ಹಳ್ಳಿಯ ಅಡ್ಡದಾರಿಯಿಂದ ಒಮ್ಮೆಲೇ ಹೆದ್ದಾರಿಗೆ ಏರುವವನಿಗೆ ಆ ಲಾರಿಗಳ ವೇಗದ ಅಂದಾಜು ಮೊದಲ ದಿನಗಳಲ್ಲಿ ಸಿಗುವುದೇ ಇಲ್ಲ. ದೂರದಲ್ಲಿದೆ ಎಂದುಕೊಂಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿಗೆ ಬಂದು ನಿಂತಿರುತ್ತದೆ.

ನಡುವಣ ಮೆಟ್ಟಿಲು ನಮ್ಮ ಕಾನೂನಿನಲ್ಲಿ ಇಲ್ಲವೆಂದೆನಾದರೂ ಅದರ ಒಂದು ಕುರುಹು ಉಂಟು. ಲಘು ಮೋಟಾರು ವಾಹನದ ಲೈಸೆನ್ಸನ್ನು ಒಂದು ವರ್ಷವಾದರೂ ಹೊಂದಿರದವನಿಗೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸು ದೊರೆಯುವಂತಿಲ್ಲವೆಂದು 1988ರ ಕಾಯಿದೆಯ ಏಳನೆಯ ಕಲಮು ಹೇಳುತ್ತದೆ. ವಯಸ್ಸೂ ಹದಿನೆಂಟರ ಬದಲು ಇಪ್ಪತ್ತು ಆಗಿರಬೇಕು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ, ರೋಣ, ನರಗುಂದ, ಗಜೇಂದ್ರಗಡ ಮೂರರಲ್ಲಿಯೂ ಡಿಪೊಗಳನ್ನು ಹೊಂದಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಚಾಲಕರನ್ನು ಆರಿಸುವಾಗ, ಭಾರೀ ವಾಹನದ ಲೈಸೆನ್ಸು ಪಡೆದು ಎರಡು ವರ್ಷವಾದರೂ ಸಂದಿರಬೇಕೆಂದು ಕೇಳುತ್ತದೆ. ಐವತ್ತು ಜನರ ಪ್ರಾಣವನ್ನು ಒಪ್ಪಿಸುವಾಗ ಹೊಸ ಲೈಸೆನ್ಸು ಸಾಲದೆಂಬ ಅರಿವು ಇಲ್ಲಿದೆ. ಕಾನೂನಿಗಿಂತ ಹಳೆಯದಾದ ಇನ್ನೊಂದು ಕಟ್ಟಳೆಯೂ ಇತ್ತು, ಅದು ಕ್ಲೀನರಿನದು. ಲಾರಿಯ ಗಾಜು ಒರೆಸುತ್ತ, ಗಾಲಿ ಬಿಚ್ಚುತ್ತ, ಹಿಂದಕ್ಕೆ ತೆಗೆಯುವಾಗ ಬದಿಗೆ ನಿಂತು ಕೂಗು ಹಾಕುತ್ತ, ರಾತ್ರಿ ಡ್ರೈವರನಿಗೆ ನಿದ್ದೆ ಬಾರದಂತೆ ಮಾತಾಡುತ್ತ ವರ್ಷಗಟ್ಟಲೆ ಪಕ್ಕದ ಸೀಟಿನಲ್ಲಿ ಕುಳಿತವನು, ಕೊನೆಗೊಂದು ದಿನ ಬಯಲು ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿಯುವ ಹೊತ್ತಿಗೆ ಸಾವಿರಾರು ಮೈಲಿಯ ರಸ್ತೆಯನ್ನು ಕಣ್ಣಿನಿಂದಲೇ ಓಡಿಸಿ ಮುಗಿಸಿರುತ್ತಿದ್ದ. ನಮ್ಮ ರೈತ ಎಳೆಯ ಹೋರಿಯನ್ನು ಮೊದಲ ಸಲ ಹೂಡುವಾಗ ಪಳಗಿದ ಎತ್ತಿನ ಜೋಡಿಯಾಗಿಯೇ ಹೂಡುತ್ತಾನೆ. ಎರಡು ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟುವ ಸಾಹಸಕ್ಕೆ ಹೋಗುವುದಿಲ್ಲ. ಕ್ಲೀನರಿನ ಕಲಿಕೆ ಅದೇ ಬಗೆಯದು.

ಈ ಕುರುಹೂ ಈಗ ಸವೆಯುತ್ತ ಬಂದಿದೆ. ಲಘು ಮೋಟಾರು ವಾಹನದ ಲೈಸೆನ್ಸು ಇದ್ದವನು ಒಟ್ಟು ತೂಕ 7,500 ಕಿಲೋಗ್ರಾಮಿನೊಳಗಿನ ಸಾರಿಗೆ ವಾಹನವನ್ನೂ ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿಹಿಡಿಯಿತು. ಚಿಕ್ಕ ಗೂಡ್ಸ್ ಗಾಡಿಯನ್ನೇ ನಂಬಿ ಬದುಕುವ ಲಕ್ಷಾಂತರ ಬಡ ಚಾಲಕರಿಗೂ ಅಪಘಾತದಲ್ಲಿ ನೊಂದು ವಿಮೆಯ ಹಣಕ್ಕಾಗಿ ಅಲೆಯುವ ಕುಟುಂಬಗಳಿಗೂ ಇದರಿಂದ ನ್ಯಾಯ ದೊರೆಯಿತೆಂಬುದರಲ್ಲಿ ಸಂದೇಹವಿಲ್ಲ. ಅದರ ಜೊತೆಗೇ, ಏಳನೆಯ ಕಲಮಿನ ಒಂದು ವರ್ಷದ ಕಾಯುವಿಕೆ ಈ ಗಾತ್ರದ ವಾಹನಗಳ ಪಾಲಿಗೆ ಇಲ್ಲದಂತಾಯಿತು. ನಿನ್ನೆ ಚಿಕ್ಕ ಕಾರಿನಲ್ಲಿ ಪರೀಕ್ಷೆ ಕೊಟ್ಟವನು ಇಂದು ಮೆಣಸಿನಕಾಯಿ ತುಂಬಿದ ಗೂಡ್ಸ್ ಗಾಡಿಯನ್ನು ರಾತ್ರೋರಾತ್ರಿ ಬ್ಯಾಡಗಿಯ ಮಾರುಕಟ್ಟೆಗೆ ಒಯ್ಯಬಹುದು. ಕಡಿಮೆ ತೂಕದ ಟ್ರ್ಯಾಕ್ಟರಂತೂ ಮೊದಲಿನಿಂದಲೂ ಲಘು ವಾಹನದ ವ್ಯಾಖ್ಯೆಯೊಳಗೇ ಸೇರಿದೆ. ಹೊರೆ ಹೊತ್ತ ಗಾಡಿ ನಿಲ್ಲಲು ಎಷ್ಟು ದೂರ ಬೇಕೆಂಬುದನ್ನು ಬರಿಯ ಕಾರು ಕಲಿಸಲಾರದು.

ಹೊರಗಿನ ದೇಶಗಳು ಈ ವಿಷಯವನ್ನು ಹೇಗೆ ಬಗೆಹರಿಸಿಕೊಂಡವೆಂಬುದು ನಮ್ಮವರಿಗೆ ಅಪರಿಚಿತವೇನೂ ಅಲ್ಲ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳು ಅದನ್ನು ಮೈಮೇಲೆ ಅನುಭವಿಸಿವೆ. ಇಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದವರೊಬ್ಬರು ಬ್ರಿಟನ್ನಿಗೆ ಹೋಗಿ ನೆಲೆಸಿದರೆಂದುಕೊಳ್ಳಿ: ಮೊದಲ ಹನ್ನೆರಡು ತಿಂಗಳು ನಮ್ಮ ಲೈಸೆನ್ಸು ಅಲ್ಲಿ ನಡೆಯುತ್ತದೆ, ಆಮೇಲೆ ಅಲ್ಲಿನ ಪರೀಕ್ಷೆಯನ್ನೇ ಕೊಡಬೇಕು. ಪರೀಕ್ಷೆ ಗೆದ್ದ ದಿನದಿಂದ ಎರಡು ವರ್ಷ, 1995ರಲ್ಲಿ ಅಂಗೀಕಾರವಾಗಿ 1997ರ ಜೂನಿನಲ್ಲಿ ಜಾರಿಗೆ ಬಂದ ಹೊಸ ಚಾಲಕರ ಕಾಯಿದೆ ಅವರಿಗೂ ಅನ್ವಯಿಸುತ್ತದೆ. ತಲೆಗೂದಲು ನರೆತಿದೆಯೆಂಬ ರಿಯಾಯಿತಿ ಅಲ್ಲಿಲ್ಲ. ಆ ಅವಧಿಯಲ್ಲಿ ತಪ್ಪಿನ ಅಂಕಗಳು ಆರಕ್ಕೆ ಮುಟ್ಟಿದರೆ ಲೈಸೆನ್ಸು ರದ್ದಾಗಿ, ಮತ್ತೆ ಕಲಿಕೆಯವನಾಗಿ ಸಿದ್ಧಾಂತದ ಮತ್ತು ಚಾಲನೆಯ ಎರಡೂ ಪರೀಕ್ಷೆಗಳನ್ನು ಮೊದಲಿನಿಂದ ಕೊಡಬೇಕಾಗುತ್ತದೆ. ಓಡಿಸುತ್ತ ಕೈಯಲ್ಲಿ ಫೋನು ಹಿಡಿದ ತಪ್ಪಿಗೆ 2017ರಿಂದ ಅಲ್ಲಿ ಆರು ಅಂಕ. ಎಂದರೆ ಹೊಸ ಚಾಲಕನಿಗೆ ಒಂದೇ ಒಂದು ಕರೆಯಿಂದ ಲೈಸೆನ್ಸು ಕೈಬಿಟ್ಟಂತೆ.

ಜರ್ಮನಿ 1986ರಲ್ಲಿಯೇ ಎರಡು ವರ್ಷಗಳ ಪರೀಕ್ಷಾರ್ಥ ಅವಧಿಯನ್ನು ತಂದಿತು. 2007ರಿಂದ ಹೊಸ ಚಾಲಕರ ರಕ್ತದಲ್ಲಿ ಮದ್ಯದ ಲವಲೇಶವೂ ಇರಕೂಡದೆಂದು ವಿಧಿಸಿತು. ನಮ್ಮಲ್ಲಿ ನೂರು ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮು ಎಂಬ ಮಿತಿ ನುರಿತವನಿಗೂ ನಿನ್ನೆಯವನಿಗೂ ಒಂದೇ. ನ್ಯೂಜಿಲೆಂಡು 1987ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸು ಕೊಡುವ ವ್ಯವಸ್ಥೆಯನ್ನು ರೂಪಿಸಿ, ಹೊಸಬನು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬನೇ ಓಡಿಸದಂತೆ ತಡೆಯಿತು. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಇಪ್ಪತ್ತೊಂದರೊಳಗಿನ ಕಲಿಕೆಯವನು, ರಾತ್ರಿಯ ಇಪ್ಪತ್ತು ಗಂಟೆಗಳೂ ಸೇರಿದಂತೆ, 120 ಗಂಟೆಗಳ ಚಾಲನೆಯನ್ನು ಹಿರಿಯರೊಡನೆ ಮಾಡಿ ದಾಖಲಿಸಬೇಕು. ಆಮೇಲೆ ಮೊದಲು ಕೆಂಪು, ಅನಂತರ ಹಸಿರು ‘ಪಿ’ ಅಕ್ಷರವನ್ನು ಗಾಡಿಗೆ ಅಂಟಿಸಿಕೊಂಡು ವರ್ಷಗಳನ್ನು ಕಳೆಯಬೇಕು. ಕೆಂಪು ಅಕ್ಷರದ ಕಾಲದಲ್ಲಿ ತನ್ನ ಪ್ರಾಯದ ಗೆಳೆಯರನ್ನು ಒಬ್ಬರಿಗಿಂತ ಹೆಚ್ಚು ಕೂರಿಸಿಕೊಳ್ಳುವಂತಿಲ್ಲ. ಉತ್ತರ ಐರ್ಲೆಂಡಿನಲ್ಲಿ ಪರೀಕ್ಷೆ ಗೆದ್ದ ಒಂದು ವರ್ಷದವರೆಗೆ ‘ಆರ್’ ಅಕ್ಷರವನ್ನು ಹೊತ್ತು, ಗಂಟೆಗೆ 45 ಮೈಲಿಯನ್ನು ಮೀರದೆ ಓಡಿಸುವ ಕಟ್ಟಳೆ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಪಠ್ಯಕ್ರಮ ಖಾಸಗಿ ವಾಹನಕ್ಕೆ ಇಪ್ಪತ್ತೊಂದು ದಿನ ಮತ್ತು ಕನಿಷ್ಠ ಹತ್ತು ಗಂಟೆಗಳ ಚಾಲನೆಯನ್ನು ಕೇಳುತ್ತದೆ. 2021ರ ಜುಲೈಯಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ತರಗತಿಯ ಪಾಠವೂ ಸೇರಿದಂತೆ ಒಟ್ಟು ಇಪ್ಪತ್ತೊಂಬತ್ತು ಗಂಟೆಗಳ ತರಬೇತಿಯನ್ನು ಗೊತ್ತುಮಾಡಿ, ಅಲ್ಲಿ ಕಲಿತವನಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿಯನ್ನೂ ಕೊಟ್ಟಿದೆ. ಗಂಟೆಗಳು ಹೆಚ್ಚಿದ್ದು ಸಂತೋಷ. ಆದರೆ ಪರದೇಶಗಳ ಈ ನಿಯಮಗಳೆಲ್ಲ ಮುಟ್ಟಿನೋಡುವ ಗಾಯ ಬೇರೆಡೆ ಇದೆ: ರಾತ್ರಿ, ಗೆಳೆಯರ ಗುಂಪು, ಫೋನು, ಮದ್ಯ, ವೇಗ. ಜಾತ್ರೆಯ ರಾತ್ರಿ ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ಗುಡ್ಡದಿಂದ ಒಂದು ಬೈಕಿನ ಮೇಲೆ ಮೂವರು ಇಳಿದು ಬರುವ ಚಿತ್ರದಲ್ಲಿ ಇವುಗಳಲ್ಲಿ ಎಷ್ಟಿವೆಯೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ಲೈಸೆನ್ಸಿಗೆ ಮುಂಚಿನ ಪ್ರಮಾದದ ವಿಷಯದಲ್ಲಿ ಕಾನೂನು ಕಠಿಣವಾಗಿದೆ. ಹದಿನಾರು ತುಂಬಿದವರು, ಹೆತ್ತವರ ಲಿಖಿತ ಒಪ್ಪಿಗೆಯ ಮೇಲೆ, 50 ಸಿ.ಸಿ.ಯನ್ನು ಮೀರದ ಗೇರಿಲ್ಲದ ಗಾಡಿಯನ್ನು ಮಾತ್ರ ಓಡಿಸಬಹುದು. ನಮ್ಮ ಅಂಗಡಿಗಳಲ್ಲಿ ಮಾರುವ ನೂರಹತ್ತು, ನೂರಿಪ್ಪತ್ತೈದು ಸಿ.ಸಿ.ಯ ಸ್ಕೂಟರುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ವಿದ್ಯುತ್ ಸ್ಕೂಟರುಗಳಲ್ಲಿಯೂ 250 ವಾಟಿನೊಳಗಿನ ಶಕ್ತಿಯ, ಗಂಟೆಗೆ 25 ಕಿಲೋಮೀಟರು ಮೀರದ ಗಾಡಿಗಳಿಗೆ ಮಾತ್ರ ಲೈಸೆನ್ಸು ಬೇಡ. ಬ್ಯಾಟರಿ ಗಾಡಿಯೆಲ್ಲಕ್ಕೂ ಬೇಡವೆಂಬುದು ತಪ್ಪು ತಿಳುವಳಿಕೆ. 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಹದಿನೆಂಟಾಗದ ಮಗ ಅಪರಾಧವೆಸಗಿದರೆ ತಂದೆಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. “ನಮ್ಮ ಹುಡುಗ ಹತ್ತನೇತ್ತಾ ಇರೂವಾಗs ಗಾಡಿ ಹೊಡೀತಿದ್ದ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆಯಂದಿರು ಈ ಕಲಮನ್ನು ಒಮ್ಮೆ ಓದಿಸಿ ಕೇಳಬೇಕು.

ವಿಮೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು. ಕಲಿಕಾ ಲೈಸೆನ್ಸೂ ಕಾಯಿದೆಯ ದೃಷ್ಟಿಯಲ್ಲಿ ಲೈಸೆನ್ಸೇ. ಆ ಒಂದು ಕಾರಣಕ್ಕೆ ವಿಮಾ ಕಂಪನಿ ಮೂರನೆಯವರಿಗೆ ಪರಿಹಾರ ಕೊಡದೆ ಜಾರಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಅದೇ ತೀರ್ಪು, ಒಡೆಯನು ತಿಳಿದೂ ತಿಳಿದು ಶರತ್ತನ್ನು ಮುರಿದಿರುವುದು ಸಾಬೀತಾದರೆ, ಕೊಟ್ಟ ಪರಿಹಾರವನ್ನು ಅವನಿಂದ ಮರಳಿ ವಸೂಲು ಮಾಡುವ ದಾರಿಯನ್ನೂ ಕಂಪನಿಗೆ ತೆರೆದಿಟ್ಟಿದೆ. ನೊಂದವರ ಮನೆಗೆ ನ್ಯಾಯ ಸಿಕ್ಕುತ್ತದೆ. ಗಾಡಿಯ ಒಡೆಯನ ಮನೆಯಲ್ಲಿ ಹೊಲ ಮಾರಬೇಕಾದ ಪ್ರಸಂಗ ಬರಬಹುದು.

ಹೊರದೇಶಗಳಲ್ಲಿರುವಂಥ ನಡುವಣ ಮೆಟ್ಟಿಲನ್ನು ಕರ್ನಾಟಕ ಸರ್ಕಾರ ತಾನೊಂದೇ ಕಟ್ಟಲಾರದು, ಏಕೆಂದರೆ ಲೈಸೆನ್ಸಿನ ನಿಯಮಗಳನ್ನು ರಚಿಸುವ ಅಧಿಕಾರ ಕೇಂದ್ರದ್ದು. ಸಂಸತ್ತು ಎಂದಾದರೂ ಕಟ್ಟಲೆಂದು ಹಾರೈಸೋಣ. ಅಲ್ಲಿಯವರೆಗೆ ಹತ್ತಿರದ ಅಧಿಕಾರಿಯೆಂದರೆ ಮನೆಯ ಹಿರಿಯನೇ. ಕೀಲಿಕೈ ಇರುವುದು ಅವನ ಬಳಿಯಲ್ಲಿ. ಹೊಸ ಚಾಲಕನೆಂದರೆ ಹುಡುಗನೇ ಆಗಬೇಕೆಂದಿಲ್ಲ. ನಲವತ್ತರ ಪ್ರಾಯದಲ್ಲಿ ಸ್ಕೂಟರು ಕಲಿತು ಹಳ್ಳಿಯ ಶಾಲೆಗೆ ಹೋಗಿಬರುವ ಶಿಕ್ಷಕಿಯೂ ಹೊಸಬಳೇ, ಮತ್ತು ಆಕೆಗೆ ಹಿಂದಿನ ಲಾರಿಯವನ ಹಾರನ್ನು ಹುಡುಗನಿಗಿಂತ ಹೆಚ್ಚು ಗಾಬರಿ ತರುತ್ತದೆ. ಕೆಂಪು ಅಕ್ಷರವನ್ನು ಇಳಿಸಿದ ಮೇಲೆಯೂ ಹಿಂದಿನ ಗಾಜಿನ ಮೇಲೆ ‘ಹೊಸ ಚಾಲಕ’ ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ಆರು ತಿಂಗಳು ಉಳಿಸಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ.

ನಾನು ಕಂಡ ಮನೆಯೊಂದರಲ್ಲಿ ಈ ವ್ಯವಸ್ಥೆ ಸಹಜವಾಗಿಯೇ ನಡೆದಿತ್ತು. ಮಗನ ಲೈಸೆನ್ಸು ಬಂದಿತ್ತು, ಅವನು “ಯಪ್ಪಾ, ಲೈಸೆನ್ಸ್ ಬಂದೈತಿ, ಇನ್ನ ಯಾರ್ ಕೇಳ್ತಾರ?” ಎಂದರೆ, ತಂದೆ ಮೊಳೆಯಿಂದ ಕೀಲಿಯನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತ, “ಸರ್ಕಾರ ಕೇಳಂಗಿಲ್ಲೋ ತಮ್ಮಾ, ನಾ ಕೇಳ್ತೀನಿ” ಎಂದರು. ಮೊದಲ ಮೂರು ತಿಂಗಳು ಹೊತ್ತು ಮುಳುಗಿದ ಮೇಲೆ ಗಾಡಿ ಇಲ್ಲ. ಹಿಂದೆ ಕೂರುವವರು ತಾಯಿ ಅಥವಾ ತಂಗಿ, ಗೆಳೆಯರಲ್ಲ. ಫೋನು ಗಾಡಿಯ ಡಬ್ಬಿಯಲ್ಲಿ. ಹೆಲ್ಮೆಟ್ಟಿಲ್ಲದೆ ಹೊಸ್ತಿಲು ದಾಟುವಂತಿಲ್ಲ. ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದವನು ದಂಡದ ಜೊತೆಗೆ ಮೂರು ತಿಂಗಳ ಮಟ್ಟಿಗೆ ಲೈಸೆನ್ಸಿಗೆ ಅನರ್ಹನಾಗುತ್ತಾನೆಂಬ 2019ರ ವಿಧಿಯನ್ನು ಆ ತಂದೆ ಓದಿರಲಿಲ್ಲ. ಓದುವ ಅಗತ್ಯವೂ ಅವರಿಗೆ ಬೀಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅವರೇ ಹಿಂದೆ ಕುಳಿತು ಮಗನನ್ನು ಗಜೇಂದ್ರಗಡದ ಇಳಿಜಾರಿಗೆ ಕರೆದೊಯ್ದು ಗೇರಿನಲ್ಲಿ ಇಳಿಯುವುದನ್ನು ಕಲಿಸಿದರು. ಸುಗ್ಗಿ ಮುಗಿದು ರಸ್ತೆಯ ಮೇಲಿನ ಕಲ್ಲುಗಳು ತೆರವಾದ ಮೇಲೆ ರಾತ್ರಿ ಒಮ್ಮೆ ನರೇಗಲ್ಲಿನವರೆಗೆ ಹೋಗಿಬಂದರು. ಎದುರಿನ ದೀಪ ಕಣ್ಣಿಗೆ ಬಿದ್ದಾಗ ಅದನ್ನು ನೋಡದೆ ರಸ್ತೆಯ ಎಡದಂಚನ್ನು ನೋಡಬೇಕೆಂದು ಬೆನ್ನ ಹಿಂದಿನಿಂದಲೇ ಹೇಳಿಕೊಟ್ಟರು. ಹುಬ್ಬಳ್ಳಿಯ ಹೆದ್ದಾರಿಗೆ ಮಗ ಒಬ್ಬನೇ ಏರಿದ್ದು ವರ್ಷ ತುಂಬಿದ ಮೇಲೆಯೇ.